ಕಾರ್ಡು ಕೂರದ ಆ ದಸರೆ

ಎರೆಮಣ್ಣು ಮಳೆಗೆ ತೊಯ್ದು, ಆಮೇಲೆ ಬಿಸಿಲು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ಬೇರೆಯವರಿಗೆ ಹೊಲ ನೆನಪಾಗಬಹುದು, ತವರುಮನೆ ನೆನಪಾಗಬಹುದು. ನನಗೆ ಮಾತ್ರ ಲ್ಯಾಪ್‌ಟಾಪ್ ನೆನಪಾಗುತ್ತದೆ. ನಗಬೇಡಿ. ಮೊನ್ನೆ ಸಿಂದಗಿಯಿಂದ ಬರುವಾಗ ಬಸ್ಸು ಬಸವನ ಬಾಗೇವಾಡಿಯ ನಿಲ್ದಾಣ ಹೊಕ್ಕಿತು, ಕಿಟಕಿಯಿಂದ ಆ ವಾಸನೆ ನುಗ್ಗಿತು, ನಾನು ಗಟ್ಟಿಯಾಗಿಯೇ “ಅಯ್ಯ, ಆ ಕಾರ್ಡು!” ಅಂದುಬಿಟ್ಟೆ. “ಏನ್ರಿ ಅಕ್ಕಾರ, ಆಧಾರ್ ಕಾರ್ಡ್ ಕಳಕೊಂಡ್ರೇನು?” ಎಂದು ಕಂಡಕ್ಟರ್ ಪಾಪ ಸೀಟಿನ ಕೆಳಗೆಲ್ಲ ಬಗ್ಗಿ ಹುಡುಕಿದ. ಅವನಿಗೆ ವಿವರಿಸುವಷ್ಟು ಹೊತ್ತು ಬಸ್ಸು ನಿಲ್ಲಲಿಲ್ಲ. ನಿಮಗೆ ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಆಚೀಚೆ. ಕಿವಿ ತಪಾಸಣೆಯ ಕೋರ್ಸು ಮುಗಿಸಿ ಬೆಳಗಾವಿಯ ಒಂದು ಸಂಸ್ಥೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನನ್ನು ಬಾಗೇವಾಡಿಗೆ ಕಳಿಸಿದರು. “ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕು ನಿನ್ನವು” ಎಂದು ನಮ್ಮ ಸಾಹೇಬರು ಹೇಳಿದ್ದು ಉಂಬಳಿ ಬರೆದುಕೊಟ್ಟ ಹಾಗಿತ್ತು. ಉಂಬಳಿಯ ಜೊತೆ ಕೊಟ್ಟದ್ದು ಒಂದು ತಪಾಸಣೆಯ ಪೆಟ್ಟಿಗೆ ಮತ್ತು ಒಂದು ಲ್ಯಾಪ್‌ಟಾಪ್. ಆಗಿನ ಲ್ಯಾಪ್‌ಟಾಪ್ ಎಂದರೆ ಹೆಗಲು ಹರಿಯುವಷ್ಟು ಭಾರ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಊರೂರು ತಿರುಗಿದೆ. ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಬಡಕೊಂಡರೂ ಯಾರೂ ಕೇಳಲಿಲ್ಲ. ತಾಳಿಕೋಟೆಯ ಸಂತೆಯಿಂದ ಯಂಕಂಚಿಯ ಗುಡಿಕಟ್ಟೆಯವರೆಗೆ ನಾನು “ಕಿವಿ ಬಾಯಾರು”, ಅಂದರೆ ಕಿವಿಯ ಡಾಕ್ಟರಮ್ಮ, ಆಗಿಹೋದೆ.

ಈಗ ಆ ಕಾರ್ಡಿನ ವಿಷಯ. ಆಗಷ್ಟೇ ಹೊಸ ನಮೂನೆಯ ಕಿವಿಯ ಮಿಷಿನ್ನುಗಳು ಬಂದಿದ್ದವು. ಕೊಂಡು ತಂದಾಗ ಅವು ಅಂಗಿಯ ಗುಂಡಿಯಷ್ಟೇ ಮೂಕ. ಇವರ ಕಿವಿಗೆ ಎಷ್ಟು ಸದ್ದು ಬೇಕು, ಎಂಥ ಸದ್ದು ಬೇಕು ಎಂದು ಲ್ಯಾಪ್‌ಟಾಪಿನಿಂದ ಒಮ್ಮೆ ಹೇಳಿಕೊಟ್ಟ ಮೇಲೆಯೇ ಅವು ಕೆಲಸ ಮಾಡುತ್ತಿದ್ದವು. ಹೇಳಿಕೊಡಲಿಕ್ಕೆ ಒಂದು ಕಾರ್ಡು ಬೇಕು. ಇಸ್ಪೀಟಿನ ಎಲೆಯಷ್ಟು ಅಗಲ, ಅದಕ್ಕಿಂತ ತುಸು ದಪ್ಪ. ಲ್ಯಾಪ್‌ಟಾಪಿನ ಮಗ್ಗುಲಲ್ಲಿ ಒಂದು ಸಂದು. ಕಾರ್ಡನ್ನು ಅದರೊಳಗೆ ತಳ್ಳಬೇಕು, ಕಾರ್ಡಿನಿಂದ ಹೊರಟ ತೆಳ್ಳನೆಯ ವಾಯರನ್ನು ಕಿವಿಯ ಮಿಷಿನ್ನಿಗೆ ಸಿಕ್ಕಿಸಬೇಕು. ಕಾರ್ಡು ಸರಿಯಾಗಿ ಕೂತರೆ ಲ್ಯಾಪ್‌ಟಾಪು “ಟಿಣ್, ಟುಣ್” ಎಂದು ಎರಡು ಸಲ ಉಲಿಯುತ್ತಿತ್ತು. ಆ ಸದ್ದು ಕೇಳಿದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಸದ್ದು ಬಾರದ ದಿನಗಳೂ ಇದ್ದವು. ಒಮ್ಮೆ ಸಿಂದಗಿಯಲ್ಲಿ ಬಸ್ಸಿನ ಕುಲುಕಾಟಕ್ಕೆ ಕಾರ್ಡು ಅರ್ಧ ಹೊರಬಂದಿತ್ತು. ಒಮ್ಮೆ ಇಂಡಿಯಲ್ಲಿ ಅದನ್ನು ನಡೆಸುವ ಸಾಫ್ಟ್‌ವೇರು ಕೆಟ್ಟು ಕೂತಿತ್ತು, ತೆಗೆದು ಹೊಸದಾಗಿ ಹಾಕಿದೆ. ಹೀಗೆ ಒಂದೆರಡು ಸಲ ಗೆದ್ದದ್ದಕ್ಕೇ ನನಗೆ ಸೊಕ್ಕು ಬಂದಿತ್ತು. ಕಾರ್ಡಿನ ಎಲ್ಲಾ ನಖರೆ ನನಗೆ ಗೊತ್ತು ಅಂದುಕೊಂಡಿದ್ದೆ.

ಬಾಗೇವಾಡಿಯಲ್ಲಿ ನಾನು ಇದ್ದದ್ದು ಸಂಗವ್ವನ ಮನೆಯ ಮುಂದಿನ ಖೋಲಿಯಲ್ಲಿ. ಸಂಗವ್ವ ಗಂಡನಿಲ್ಲದಾಕೆ, ಹೊಲ ತಾನೇ ನಿಂತು ಮಾಡಿಸುತ್ತಿದ್ದಳು. ಮಾತು ಕೊಡಲಿಯ ಹಾಗೆ. ಮಗ ಲಾರಿಯ ಮೇಲೆ ಊರೂರು ಹೋಗುವವನು, ಮನೆಯಲ್ಲಿ ಕಾಣುತ್ತಿದ್ದದ್ದೇ ಅಪರೂಪ. ಇನ್ನು ಮನೆಯಲ್ಲಿದ್ದವರು ಸೊಸೆ ಶೋಭಾ ಮತ್ತು ಅವಳ ಕೂಸು, ಆಗಷ್ಟೇ ಬೋರಲು ಬೀಳಲು ಕಲಿತಿದ್ದ ಹೆಣ್ಣುಕೂಸು.

ಶೋಭಾಗೆ ಕಿವಿ ಕೇಳಿಸುತ್ತಿರಲಿಲ್ಲ. ಹುಟ್ಟಿನಿಂದ ಹಾಗಲ್ಲ. ಮದುವೆಯಾಗಿ ಬಂದಾಗ ಸ್ವಲ್ಪ ಮಂದವಿತ್ತಂತೆ, ಬಸುರಾದ ಮೇಲೆ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತ ಹೋಯಿತು. ಕಿವಿಯ ಒಳಗೆ ಅಕ್ಕಿಕಾಳಿಗಿಂತ ಸಣ್ಣದೊಂದು ಎಲುಬಿದೆ, ಅದು ಅಲುಗಿದರೆ ನಮಗೆ ಸದ್ದು. ಕೆಲವರಿಗೆ ಅದು ಬಿಗಿಯುತ್ತ ಬರುತ್ತದೆ, ಬಸಿರಿನಲ್ಲಿ ಇನ್ನಷ್ಟು ಬಿಗಿಯುತ್ತದೆ. ಹೀಗಾಗಿ ಅವಳು ತನ್ನವ್ವನ ಹಾಡು ಕೇಳಿದ್ದಳು, ಗಂಡನ ದನಿ ಕೇಳಿದ್ದಳು, ತನ್ನ ಹೊಟ್ಟೆಯ ಕೂಸಿನ ದನಿಯೊಂದನ್ನು ಕೇಳಿರಲಿಲ್ಲ. ಇಂಥವರು ಗಟ್ಟಿಯಾಗಿ ಮಾತಾಡುವುದಿಲ್ಲ, ಬಹಳ ಮೆಲ್ಲಗೆ ಮಾತಾಡುತ್ತಾರೆ. ಮನೆಮಂದಿಯೆಲ್ಲ ಅವಳ ಮುಂದೆ ಒದರುವುದು, ಅವಳು ಪಿಸುಗುಟ್ಟಿದ ಹಾಗೆ ಉತ್ತರ ಕೊಡುವುದು. ಕೂಸನ್ನು ಮಲಗಿಸಿದಾಗ ತೊಟ್ಟಿಲಿನಿಂದ ಒಂದು ದಾರ ತಂದು ತನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಕೂತಿರುತ್ತಿದ್ದಳು. ಕೂಸು ಒದ್ದಾಡಿದರೆ ದಾರ ಜಗ್ಗಬೇಕು.

ಶ್ರಾವಣದ ಒಂದು ಮಧ್ಯಾಹ್ನ ದಾರ ಕಟ್ಟಿಕೊಳ್ಳುವುದನ್ನು ಮರೆತಿದ್ದಳು. ತೊಟ್ಟಿಲಿಗೆ ಬೆನ್ನು ಮಾಡಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತೊಟ್ಟಿಲ ಹಗ್ಗ ಹಿಡಿದು ಕೆಂಪಿರುವೆ ಇಳಿದಿದ್ದವು. ಸಂಗವ್ವ ಹೊಲದಿಂದ ಬಂದು ನೋಡುತ್ತಾಳೆ, ಕೂಸು ಅತ್ತು ಅತ್ತು ದನಿ ಸತ್ತು ನೀಲಿಗಟ್ಟಿದೆ, ತಾಯಿ ಅಲ್ಲೇ ಮೊಳದಾಚೆ ತೊಗರಿ ಕೇರುತ್ತಿದ್ದಾಳೆ. ಕೂಸು ಉಳಿಯಿತು. ಮನೆಯ ನೆಮ್ಮದಿ ಮಾತ್ರ ಅವತ್ತೇ ಹೋಯಿತು. “ಇಂಡಿಗೆ ಕೊಟ್ಟ ಮಗಳು ಕಸ್ತೂರಿ ಅದಾಳ, ಅಕಿ ಮಕ್ಕಳು ದೊಡ್ಡಾವು ಆಗ್ಯಾವು. ಕೂಸು ನಡಿಯೂಮಟ, ಮಾತಾಡೂಮಟ ಅಕಿ ಹತ್ರ ಇರ್ಲಿ” ಎಂದು ಸಂಗವ್ವ ತೀರ್ಮಾನ ಕೊಟ್ಟಳು. ದಸರೆ ಮುಗಿದ ಮೇಲಿನ ಸೀಗಿ ಹುಣ್ಣಿಮೆಗೆ ಕಸ್ತೂರಿ ಬರುವುದು, ಹಬ್ಬದೂಟ ಮುಗಿಸಿ ಕೂಸನ್ನು ಕರೆದುಕೊಂಡು ಹೋಗುವುದು. ಶೋಭಾ ಜಗಳ ಮಾಡಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ನನ್ನ ಬಳಿ ಬಂದು, “ಬಾಯಾರ, ಹುಣ್ಣಿಮಿ ಒಳಗ ನನ್ನ ಕಿವಿ ಬರತಾವೇನ್ರಿ?” ಎಂದು ಕೇಳಿದಳು, ಅಷ್ಟೇ.

“ಬರತಾವ” ಎಂದೆ. ಬಾಯಿಗೆ ಬಂದ ಮಾತಲ್ಲ, ತಪಾಸಣೆ ಮಾಡಿಯೇ ಹೇಳಿದ್ದು. ಅವಳ ಒಳಕಿವಿ ಚೆನ್ನಾಗಿತ್ತು, ಸದ್ದು ದೊಡ್ಡದು ಮಾಡಿ ಕಳಿಸಿದರೆ ಸಾಕಿತ್ತು. ಇಂಥ ಕಿವಿಗೆ ಮಿಷಿನ್ನು ಒಗ್ಗುವಷ್ಟು ಬೇರೆ ಯಾವುದಕ್ಕೂ ಒಗ್ಗುವುದಿಲ್ಲ. ಸಂಸ್ಥೆಗೆ ಬರೆದೆ, ಮಿಷಿನ್ನು ಮಹಾನವಮಿಯ ಹಿಂದಿನ ದಿನ ಬಂದು ಮುಟ್ಟಿತು. ಅವತ್ತೇ ಹಾಕುತ್ತಿದ್ದೆ. ಸಂಗವ್ವ ಬಿಡಲಿಲ್ಲ. “ಬನ್ನಿ ಮುಡಿದ ಮ್ಯಾಲ ಮಾಡ್ರಿ, ಬಾಯಾರ. ಚಲೋ ಕೆಲಸಕ್ಕ ಚಲೋ ದಿನ ಬ್ಯಾಡೇನು?” ಎಂದಳು. ಎರಡು ಮೂರು ದಿನದ ಮಾತು, ಆಗಲಿ ಎಂದೆ.

ಆ ವರ್ಷ ಹಸ್ತಾ ಮಳೆ ಬಿಟ್ಟು ಬಿಟ್ಟು ಚೆನ್ನಾಗಿ ಬಿತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಮೆತ್ತಿ ಒಂದು ಕಾಲು ಎತ್ತರ, ಒಂದು ಕಾಲು ಗಿಡ್ಡ ಆಗುತ್ತಿತ್ತು. ಸಜ್ಜೆ ಕೊಯ್ದು ಬಿಳಿಜೋಳ ಬಿತ್ತುವ ಗಡಿಬಿಡಿಯಲ್ಲೇ ದಸರೆ ಬಂತು. ಖಂಡೆ ಪೂಜೆಗೆ ಸಂಗವ್ವ ಕುಡಗೋಲು, ಕೂರಿಗೆ, ಒರಳು, ಹೊಲಿಗೆ ಯಂತ್ರ ಎಲ್ಲಕ್ಕೂ ವಿಭೂತಿ ಬಳಿದಳು. ನನ್ನ ಲ್ಯಾಪ್‌ಟಾಪಿನ ಮುಚ್ಚಳಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟಳು. ಮುಚ್ಚಳ ತಾನೇ, ಇಡಲಿ ಎಂದು ಸುಮ್ಮನಿದ್ದೆ. ಮರುದಿನ ಸಂಜೆ ಊರೆಲ್ಲ ಹೊಸ ಬಟ್ಟೆ ಉಟ್ಟು ಮನೆಮನೆಗೆ ಹೋಗಿ ಬನ್ನಿ ಎಲೆ ಕೈಗಿಟ್ಟು, “ಬನ್ನಿ ತೊಗೊಂಡು ಬಂಗಾರದಂಗ ಇರೋಣ” ಎಂದು ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿತ್ತು. ನಾನೂ ಇಳಕಲ್ ಸೀರೆ ಉಟ್ಟು ಓಣಿಯೆಲ್ಲ ತಿರುಗಿ ಬಂದೆ.

ಮಾರನೆಯ ಬೆಳಿಗ್ಗೆ ಶೋಭಾ ತಲೆಗೆ ಎರೆದುಕೊಂಡು ಬಂದು ನನ್ನ ಮುಂದೆ ಕೂತಳು. ನಾನು ಕಾರ್ಡನ್ನು ಸಂದಿಗೆ ತಳ್ಳಿದೆ. ಟಿಣ್ ಇಲ್ಲ, ಟುಣ್ ಇಲ್ಲ. ತೆಗೆದು ಮತ್ತೆ ತಳ್ಳಿದೆ. ಒಳಗೆ ಹೋಗುತ್ತದೆ, ಕೂದಲೆಳೆಯಷ್ಟು ಹೊರಗೆ ನಿಲ್ಲುತ್ತದೆ, ಲ್ಯಾಪ್‌ಟಾಪಿಗೆ ಮಾತ್ರ ಏನೂ ಬಂದ ಗುರುತೇ ಇಲ್ಲ. ಸಾಫ್ಟ್‌ವೇರಿನದೇ ಕಿತಾಪತಿ ಎಂದು ನನಗೆ ಖಾತ್ರಿ. ತೆಗೆದೆ, ಹಾಕಿದೆ, ಆರಿಸಿ ಹಚ್ಚಿದೆ, ಇದರ ಜೊತೆ ಜಗಳವಾಡಬಹುದಾದ ಬೇರೆ ಭಾಗಗಳನ್ನೆಲ್ಲ ಒಂದೊಂದಾಗಿ ಬಂದ್ ಮಾಡಿದೆ. ಅಷ್ಟರಲ್ಲಿ ಕರೆಂಟೂ ಹೋಯಿತು, ಬ್ಯಾಟರಿಯೂ ಮುಗಿಯಿತು. ಶೋಭಾ ನನ್ನ ಮುಖವನ್ನೇ ನೋಡುತ್ತಿದ್ದಳು. ಕಿವಿ ಕೇಳದವರಿಗೆ ಮುಖ ಓದುವುದನ್ನು ಯಾರೂ ಕಲಿಸಬೇಕಿಲ್ಲ. “ನಾಳಿ ಮಾಡೋಣು ತಗೋರಿ” ಎಂದು ನನಗೇ ಸಮಾಧಾನ ಹೇಳಿ ಎದ್ದುಹೋದಳು.

ನಾಳೆಯೂ ಅಷ್ಟೇ. ಎಸ್‌ಟಿಡಿ ಬೂತಿನಿಂದ ಬೆಳಗಾವಿಗೆ ಫೋನು ಮಾಡಿದೆ. “ಲ್ಯಾಪ್‌ಟಾಪ್ ಕಳಿಸಿಬಿಡು, ದೀಪಾವಳಿ ಆದ ಮೇಲೆ ನೋಡೋಣ” ಎಂದರು ಸಾಹೇಬರು. ದೀಪಾವಳಿಯಂತೆ! ಅಷ್ಟರಲ್ಲಿ ಕೂಸು ಇಂಡಿಯಲ್ಲಿ ಕಸ್ತೂರಿಯನ್ನು ಅವ್ವ ಅನ್ನುತ್ತಿರುತ್ತದೆ. ಅವರಿಗೆ ನಾನು ಏನೇನು ಅಂದೆ ಎಂಬುದು ಬೂತಿನವನಿಗೆ ಗೊತ್ತು. ಕೊನೆಗೆ ಸಾಹೇಬರೇ ಮೆತ್ತಗಾಗಿ ಒಂದು ದಾರಿ ಹೇಳಿದರು. ಕೆಟ್ಟದ್ದು ಕಾರ್ಡೋ ಸಂದೋ ಮೊದಲು ಗೊತ್ತು ಮಾಡಿಕೊ, ಕಾರ್ಡನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿ ನೋಡು ಎಂದರು. ಬಾಗೇವಾಡಿಯಲ್ಲಿ ಬೇರೆ ಲ್ಯಾಪ್‌ಟಾಪ್ ಎಲ್ಲಿಂದ ತರಲಿ? ಎಲ್ಲ ಕೇಳಿಸಿಕೊಂಡಿದ್ದ ಬೂತಿನವನು, “ಆಲಮಟ್ಟಿ ಡ್ಯಾಮಿನ ಆಫೀಸಿನಾಗ ಒಬ್ಬರು ಎಂಜಿನಿಯರ್ ಸಾಹೇಬ್ರ ಹತ್ರ ಐತ್ರಿ, ನಾ ಕಣ್ಣಾರೆ ನೋಡೀನಿ” ಎಂದ.

ಮರುದಿನ ಆಲಮಟ್ಟಿಗೆ ಹೋದೆ. ಕೃಷ್ಣೆ ಆಚೆ ದಂಡೆ ಕಾಣದಷ್ಟು ತುಂಬಿ ನಿಂತಿದ್ದಳು. ನೋಡಲಿಕ್ಕೆ ನನಗೆ ಮನಸ್ಸೆಲ್ಲಿ? ಎಂಜಿನಿಯರ್ ಒಳ್ಳೆಯ ಮನುಷ್ಯ, ಹೆಸರು ಊರು ಕೇಳುವ ಮುಂಚೆಯೇ ಚಹಾ ತರಿಸಿದ. ಅವನ ಲ್ಯಾಪ್‌ಟಾಪಿಗೆ ಕಾರ್ಡು ತಳ್ಳಿದ್ದೇ ತಡ, ಟಿಣ್, ಟುಣ್! ಕಾರ್ಡು ಗಟ್ಟಿಯಾಗಿದೆ. ಇಲ್ಲೇ ಕೆಲಸ ಮುಗಿಸಿಬಿಡೋಣ ಎಂದರೆ ನನ್ನ ಸಾಫ್ಟ್‌ವೇರು ಅದರಲ್ಲಿಲ್ಲ, ಸರಕಾರಿ ಯಂತ್ರಕ್ಕೆ ಹೊಸದೇನೂ ಹಾಕುವಂತಿಲ್ಲ. “ಸಿಟ್ಟಾಗಬ್ಯಾಡ್ರಿ ಮತ್ತ” ಎಂದ. ಸಿಟ್ಟು ಬಂದಿತ್ತು, ಅವನ ಮೇಲಲ್ಲ. ನನ್ನ ಲ್ಯಾಪ್‌ಟಾಪಿನ ಸಂದೇ ಸತ್ತಿದೆ, ಅದಕ್ಕೆ ಮದ್ದು ಬೆಳಗಾವಿಯಲ್ಲೂ ಇರಲಿಕ್ಕಿಲ್ಲ ಎಂದುಕೊಂಡು ಬಸ್ಸಿನಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಿಡಗುಂದಿಯಲ್ಲಿ ಹತ್ತಿದ ಮುದುಕಿಯೊಬ್ಬಳು ನನ್ನ ಬೆನ್ನು ಸವರಿ, “ಅತ್ತೀ ಮನ್ಯಾಗ ಕಾಡತಾರೇನ ಯವ್ವಾ?” ಎಂದಳು. ಹೂಂ ಅಂದೆ. ಸಂಗವ್ವನ ಮೇಲೆ ನನಗೆ ಆಗ ಅಷ್ಟು ಕೋಪವಿತ್ತು. ಮನೆಗೆ ಬಂದರೆ ಆಕೆ ಪಡಸಾಲೆಯಲ್ಲಿ ಕೂಸಿನ ಬಟ್ಟೆ ಮಡಚಿಡುತ್ತಿದ್ದಳು, ಕಸ್ತೂರಿಯ ಜೊತೆ ಕಳಿಸಲಿಕ್ಕೆ. ನಾನು ನೇರ ಖೋಲಿಗೆ ಹೋದೆ.

ಹುಣ್ಣಿಮೆಯ ಹಿಂದಿನ ದಿನ ಬಿಸಿಲು ಬಿದ್ದಿತ್ತು. ಸತ್ತ ಸಂದಿಯ ಮುಖವಾದರೂ ನೋಡೋಣ ಎಂದು ಲ್ಯಾಪ್‌ಟಾಪನ್ನು ಅಂಗಳದ ಕಟ್ಟೆಗೆ ತಂದೆ. ಸಂದಿನ ಬಾಯಿಗೆ ಒಂದು ಸಣ್ಣ ಕದವಿರುತ್ತದೆ; ಅದನ್ನು ಕೂದಲ ಪಿನ್ನಿನಿಂದ ಒಳಗೆ ಒತ್ತಿ ಹಿಡಿದು, ಬಿಸಿಲಿಗೆ ತಿರುಗಿಸಿ ಇಣುಕಿದೆ. ಆಳದಲ್ಲಿ ಸೂಜಿಮೊನೆಯಂಥ ಮುಳ್ಳುಗಳ ಸಾಲು. ಆ ಮುಳ್ಳುಗಳ ನಡುವೆ ಏನೋ ಹಸಿರು. ಚಿಮಟ ತಂದು ಮೆಲ್ಲಗೆ ಎಳೆದೆ. ಬಂತು. ಇನ್ನೊಂದು ಬಂತು, ಮತ್ತೊಂದು. ಜಜ್ಜಿಹೋದ, ಅರ್ಧ ಒಣಗಿದ ಪುಟ್ಟಪುಟ್ಟ ಎಲೆ. ನಾಲ್ಕೈದು ಅಂಗೈಗೆ ಬಂದ ಮೇಲೆ ಗುರುತು ಹತ್ತಿತು. ಬನ್ನಿ.

ನನಗೆ ಉರಿದುಹೋಯಿತು. “ಯಾರ್ರಿ ಇದರಾಗ ಬನ್ನಿ ತುರುಕಿದವರು? ನಾ ಇಷ್ಟು ದಿನ ಹುಚ್ಚಿಯಂಗ ಊರೂರು ತಿರಗೀನಿ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಒಳಗಿನಿಂದ ಸಂಗವ್ವ ಹಿಟ್ಟಿನ ಕೈಯಲ್ಲೇ ಬಂದಳು. ನನ್ನ ಅಂಗೈ ನೋಡಿದಳು.

“ತುರುಕಿಲ್ರಿ. ನಾನ ಕೊಟ್ಟೇನಿ” ಎಂದಳು.

“ಇದಕ್ಯಾಕ ಕೊಟ್ರಿ?”

“ಅವತ್ತ ಎಲ್ಲಾರಿಗೂ ಕೊಟ್ಟೆ. ಎತ್ತಿಗೆ ಕೊಟ್ಟೆ, ಕೂರಿಗಿಗೆ ಕೊಟ್ಟೆ, ಬಾವಿಗೂ ಒಗದು ಬಂದೆ. ನನ್ನ ಸೊಸಿಗೆ ಕಿವಿ ಕೊಡೂದು ಇದ ಅಲ್ಲೇನ್ರಿ, ಬಾಯಾರ? ಇದನ್ನ ಹೆಂಗ ಬಿಡ್ಲಿ? ಬಾಯಿ ಕಂಡ್ತು, ಬಾಯಾಗಿಟ್ಟೆ. ಬಂಗಾರದಂಗ ಇರಪಾ, ಅಕಿ ಕಿವಿ ತೆರಿ, ನಮ್ಮ ಕೂಸು ನಮ್ಮ ಮನ್ಯಾಗ ಇರ್ಲಿ ಅಂತ ಕೇಳಕೊಂಡೆ.”

“ಕೂಸು ಕಳಸ್ರಿ ಅಂದವರು ನೀವ ಅಲ್ಲೇನು?” ಎಂದೆ, ಸುಮ್ಮನೆ ಏನಾದರೂ ಅನ್ನಬೇಕಲ್ಲ ಎಂದು.

“ಹೌದ್ರಿ, ನಾನ. ಅವತ್ತ ಅದರ ಮಾರಿ ನೋಡಿದಾಕಿ ನಾ ಒಬ್ಬಾಕಿನ. ಹೊಲದಾಗ ಕಳೆ ತಗೀತೇನಿ, ಜೀವ ತೊಟ್ಟಲದಾಗ ಇರತೈತಿ. ಇಂಡಿಯಾಗಾದ್ರೂ ಇರ್ಲಿ, ಬದುಕಿರ್ಲಿ ಅಂತ ಅಂದೆ. ಕಳಸೂದು ನನಗೇನು ಹಬ್ಬಾ ಏನ್ರಿ?” ಎಂದವಳೇ ಹಿಟ್ಟಿನ ಕೈಯನ್ನು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಬೆರಳ ಸಂದಿನಿಂದ ಕೇಳಿದಳು, “ನಾ ಕೆಡಿಸಿದ್ನೇನ್ರಿ ಅದನ್ನ?”

ಅವಳನ್ನು ಅಪ್ಪಿಕೊಂಡೆ. ಎಷ್ಟು ದಿನ ಈ ಹೆಂಗಸನ್ನು ಕಲ್ಲು ಕಲ್ಲು ಅಂದುಕೊಂಡಿದ್ದೆನಲ್ಲ, ಅಷ್ಟೂ ದಿನದ ಅಪ್ಪುಗೆ ಅದು. “ಇಲ್ಲವ್ವಾ, ಕೆಟ್ಟಿಲ್ಲ. ತಡೀರಿ, ನೋಡತೇನಿ” ಎಂದೆ.

ಕೆಟ್ಟಿಲ್ಲ ಅಂದೆನೇ ಹೊರತು ನನಗೇ ಖಾತ್ರಿ ಇರಲಿಲ್ಲ. ಎಲೆಯ ಚೂರೆಲ್ಲ ತೆಗೆದು, ಮತ್ತೆ ಬಿಸಿಲಿಗೆ ಹಿಡಿದರೆ ಮುಳ್ಳಿನ ಸಾಲಿನಲ್ಲಿ ಒಂದು ಮುಳ್ಳು ಪಕ್ಕಕ್ಕೆ ವಾಲಿತ್ತು. ಕಾರ್ಡು ಎಲೆಯನ್ನು ಒತ್ತಿ, ಎಲೆ ಮುಳ್ಳನ್ನು ಒತ್ತಿ ಆದದ್ದು. ಮುರಿದರೆ ಕಥೆ ಮುಗಿಯಿತು. ಚಿಮಟ ದಪ್ಪ, ಪಕ್ಕದ ಮುಳ್ಳಿಗೂ ತಾಗುತ್ತದೆ. ತಪಾಸಣೆಯ ಗೆರೆ ಎಳೆಯಲು ನನ್ನ ಹತ್ತಿರ ಕಡ್ಡಿ ತುಂಬುವ ಪೆನ್-ಪೆನ್ಸಿಲ್ ಇತ್ತು. ಕಡ್ಡಿ ತೆಗೆದರೆ ಅದರ ಮೂತಿಯ ತೂತು ಸರಿಯಾಗಿ ಆ ಮುಳ್ಳಿನಷ್ಟೇ. ಮೂತಿಯನ್ನು ಮುಳ್ಳಿಗೆ ತೊಡಿಸಿ, ಉಸಿರು ಬಿಗಿಹಿಡಿದು, ಒಂದು ಚೂರು, ಇನ್ನೊಂದು ಚೂರು ಎತ್ತಿದೆ. ಸಂಗವ್ವ ನನ್ನ ಮೇಲೆ ಸೆರಗು ಹಿಡಿದು ಗಾಳಿಗೆ ಅಡ್ಡ ನಿಂತಿದ್ದಳು. ಗಾಳಿಯೇ ಇರಲಿಲ್ಲ, ಆದರೂ ನಿಂತಿದ್ದಳು. ಮುಳ್ಳು ನೆಟ್ಟಗಾಯಿತು. ಕಾರ್ಡು ತಳ್ಳಿದೆ, ಈ ಸಲ ಅದು ಕೊನೆಯವರೆಗೂ ಹೋಯಿತು.

ಟಿಣ್. ಟುಣ್.

“ಏನಂತರಿ ಅದು?” ಎಂದಳು ಸಂಗವ್ವ. “ಹೂಂ ಅಂತೈತಿ” ಎಂದೆ.

ಅಂದು ಸಂಜೆಯ ಬಸ್ಸಿಗೆ ಕಸ್ತೂರಿ ಒಂದು ಚೀಲ ನಿಂಬೆಹಣ್ಣು ಹೊತ್ತು ಇಂಡಿಯಿಂದ ಬಂದಳು. ಹುಣ್ಣಿಮೆಯ ಬೆಳಿಗ್ಗೆ ಹೊಲಕ್ಕೆ ಚರಗ, ಭೂಮಿತಾಯಿಗೆ ಚೆಲ್ಲುವ ಎಡೆ, ಒಯ್ಯುವ ಬುಟ್ಟಿ ತಯಾರಾಗಿತ್ತು, ಮನೆ ತುಂಬ ಶೇಂಗಾ ಹೋಳಿಗೆಯ ಘಮ. ಬಾಗಿಲ ಪಕ್ಕ ಕಸ್ತೂರಿಯ ಕೈಚೀಲ, ಅದರಲ್ಲಿ ಕೂಸಿನ ಬಟ್ಟೆ. ನಾನು ಪಡಸಾಲೆಯಲ್ಲೇ ಶೋಭಾಳನ್ನು ಕೂರಿಸಿ, ಮಿಷಿನ್ನನ್ನು ಕಿವಿಗೆ ತೊಡಿಸಿ, ವಾಯರು ಸಿಕ್ಕಿಸಿ, ಸದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋದೆ. ಅವಳ ಮುಖ ಒಮ್ಮೆಲೇ ಅಡಿಗೆಮನೆಯ ಕಡೆ ಹೊರಳಿತು. ಅಲ್ಲಿ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ನಾನು ಶೋಭಾಳ ಬೆನ್ನ ಹಿಂದೆ ಹೋಗಿ, ಬಾಯಿ ಕಾಣದ ಹಾಗೆ, “ಜೋರ ಆತೇನು?” ಎಂದೆ.

“ಇಲ್ರಿ, ಸಾಕಿಷ್ಟು” ಎಂದಳು ಶೋಭಾ.

ಸಂಗವ್ವ ಕೈ ಮುಗಿದಳು. ಆದರೂ ಅವಳ ಭಯ ಹೋಗಬೇಕಲ್ಲ. “ಬಾಯಾರ, ಅಕಿ ಆ ದಿನ ಕುಂತಂಗ ಕುಂದರ್ಲಿ” ಎಂದಳು. ವಾಯರು ಬಿಡಿಸಿದೆ. ಶೋಭಾ ತಾನೇ ಎದ್ದು ಮೊರ ತಂದು, ತೊಟ್ಟಿಲಿಗೆ ಬೆನ್ನು ಮಾಡಿ ತೊಗರಿ ಹಸನು ಮಾಡುತ್ತ ಕೂತಳು. ನಾವೆಲ್ಲ ಕೂಸು ಅಳಲಿ ಎಂದು ಕಾಯತೊಡಗಿದೆವು. ಕೂಸು ಅಳಬೇಕಲ್ಲ! ಹೊಟ್ಟೆ ತುಂಬ ಹಾಲು ಕುಡಿದು ಬಾಯಿ ತೆರೆದು ಮಲಗಿತ್ತು. “ಒಂದೀಟ ಚಿವುಟ್ಲೇನು?” ಎಂದಳು ಕಸ್ತೂರಿ. “ಕೈ ಮುರೀತೇನಿ ನೋಡು” ಎಂದಳು ಸಂಗವ್ವ. ಜಗತ್ತಿನಲ್ಲಿ ಕೂಸು ಅಳಲೆಂದು ಅಷ್ಟು ಜನ ಹಾಗೆ ದೇವರಿಗೆ ಹರಕೆ ಹೊತ್ತದ್ದು ನಾನು ಬೇರೆಲ್ಲೂ ಕಂಡಿಲ್ಲ.

ಎಷ್ಟೋ ಹೊತ್ತಿಗೆ ತೊಟ್ಟಿಲು ಅಲುಗಿತು. ಕೂಸು ಕಣ್ಣು ಬಿಟ್ಟಿತ್ತು. ಅಳಲಿಲ್ಲ. ಮೇಲೆ ಕಟ್ಟಿದ ಬಟ್ಟೆಗುಬ್ಬಿಯ ಗೊಂಚಲನ್ನು ನೋಡುತ್ತ “ಹ್ಞಾ... ತ್ತಾ...” ಎಂದು ತನ್ನಷ್ಟಕ್ಕೆ ಉಲಿಯಿತು, ಅಷ್ಟೇ. ಮೊರದೊಳಗಿನ ಶೋಭಾಳ ಕೈ ನಿಂತಿತು. ಆದರೆ ಅವಳು ತಿರುಗಲಿಲ್ಲ. “ಕೇಳಿಸ್ಲಿಲ್ಲೇನು ಹಂಗಾರ?” ಎಂದಳು ಸಂಗವ್ವ. “ಇಷ್ಟ ಸಣ್ಣ ದನಿ ಕೇಳಸೂದಿಲ್ಲ ತಗೀ, ಯವ್ವಾ” ಎಂದಳು ಕಸ್ತೂರಿ. “ತಡೀರಿ, ಇನ್ನೊಂಚೂರು ಏರಸ್ತೇನಿ” ಎಂದು ನಾನು. ಮೂವರೂ ಒಟ್ಟಿಗೇ, ಎಂದಿನ ಹಾಗೆ, ಒದರುತ್ತಿದ್ದೆವು.

ಶೋಭಾ ಬೆನ್ನು ತಿರುಗಿಸಿಯೇ ಕೈ ಮೇಲೆತ್ತಿದಳು. ಕೆನ್ನೆಯಿಂದ ನೀರು ಮೊರದೊಳಗಿನ ತೊಗರಿಗೆ ತೊಟ್ಟಿಕ್ಕುತ್ತಿತ್ತು.

“ಎಲ್ಲಾರೂ ಒಂದೀಟ ಸುಮ್ಮಕಿರ್ರಿ” ಎಂದಳು ತನ್ನ ಆ ಮೆಲ್ಲನೆಯ ದನಿಯಲ್ಲಿ. “ಕೂಸು ಏನೋ ಹೇಳಾಕತ್ತೈತಿ.”

ಸುಮ್ಮನಾದೆವು. ಕೂಸು ಹೇಳುತ್ತಲೇ ಇತ್ತು. ಸಂಗವ್ವ ಬಾಗಿಲ ಚೌಕಟ್ಟಿಗೆ ಒರಗಿ ಕೂತಳು. ಕಸ್ತೂರಿ ತನ್ನ ಕೈಚೀಲವನ್ನು ಹತ್ತಿರ ಎಳೆದುಕೊಂಡು, ಜಿಪ್ಪು ಸಪ್ಪಳವಾಗದಂತೆ ಬಿಚ್ಚಿ, ಕೂಸಿನ ಅಂಗಿ, ಕುಂಚಿಗೆ, ಕಾಲ್ಚೀಲ ಒಂದೊಂದೇ ಹೊರಗೆ ತೆಗೆದಿಡತೊಡಗಿದಳು.